ಪೆನ್ಸಿಲ್ ಗೀಟು

ರೈಫಲ್ಲಿನ ಹಿಂಬದಿಯಲ್ಲಿ ಕೆನ್ನೆಯೂರುವ ಪಟ್ಟಿ ತನ್ನ ಎತ್ತರಕ್ಕೆಂದು ತಾನೇ ಎಳೆದಿಟ್ಟಿದ್ದ ಪೆನ್ಸಿಲ್ ಗೀಟಿಗಿಂತ ಕೆಳಗಿದ್ದುದನ್ನು ಕಂಡು ರಂಜನಿಗೆ ಮೈ ಉರಿಯಿತು. ಕ್ಲಬ್ಬಿನಲ್ಲಿ ಇರುವುದೇ ಈ ಒಂದು ಒಳ್ಳೆಯ ರೈಫಲ್. ಈಗಷ್ಟೇ ಅದರಲ್ಲಿ ಹೊಡೆದು ಮುಗಿಸಿದವಳು ಧಾತ್ರಿ; ರಾಜ್ಯ ತಂಡದಲ್ಲಿ ಉಳಿದಿರುವ ಒಂದೇ ಜಾಗಕ್ಕೆ ಇವಳ ಎದುರಾಳಿಯೂ ಅವಳೇ. ರಂಜನಿ ತಿರುಪು ಸಡಿಲಿಸಿ ಪಟ್ಟಿಯನ್ನು ಗೀಟಿನವರೆಗೆ ಏರಿಸಿದಳು.

ಗುರಿ ಪರೀಕ್ಷಿಸಲೆಂದು ಹೊಡೆದ ಮೊದಲ ಗುಂಡು ಕಪ್ಪು ವೃತ್ತದ ಅಂಚಿಗೆ ಹೋಯಿತು. ಎರಡನೆಯದೂ ಅಲ್ಲಿಗೇ. ಕಣ್ಣು ಗುರಿಕಿಂಡಿಯ ನಡುವಿಗೆ ಬರುತ್ತಲೇ ಇರಲಿಲ್ಲ. ಇನ್ನು ಹೊಡೆದದ್ದೆಲ್ಲ ಆಯ್ಕೆಯ ಲೆಕ್ಕಕ್ಕೆ.

"ಪಟ್ಟಿ ಯಾಕೆ ಇಳಿಸಿದೆ?" ಹಿಂದೆ ನಿಂತಿದ್ದ ಧಾತ್ರಿಯನ್ನು ತಿರುಗಿಯೂ ನೋಡದೆ ಕೇಳಿದಳು.

"ನಿಂಗೋಸ್ಕರಾನೇ, ಯಾರ್. ನಿನ್ನೆ ಸಯನ್ ಆಸ್ಪತ್ರೆಯಲ್ಲಿ ಹಲ್ಲು ಕೀಳಿಸ್ಕೊಂಡು ಬಂದಿದ್ದೀಯ. ಕೆನ್ನೆ ಎಷ್ಟು ಊದಿದೆ, ಮಿರರ್‌ನಲ್ಲಿ ನೋಡ್ಕೊಂಡಿಲ್ವಾ?"

ರಂಜನಿ ಕೆನ್ನೆ ಮುಟ್ಟಿಕೊಂಡಳು. ಪಟ್ಟಿಯನ್ನು ಮತ್ತೆ ಧಾತ್ರಿ ಇಟ್ಟಿದ್ದಲ್ಲಿಗೇ ಇಳಿಸಿ, ಕೆನ್ನೆಯೂರಿದಳು. ಕಿಂಡಿಯ ನಟ್ಟನಡುವೆ ಕಪ್ಪು ವೃತ್ತ ತಾನಾಗಿ ಬಂದು ಕೂತಿತು.