ಬಾಲದಣ್ಣನ ಕೊನೆಯ ಸವಾರ

“ಇನ್ನೂ ನಿಂತ್ರೆ ಕತ್ತಲಾಗುತ್ತೆ ತಾತಾ, ಹತ್ತಿ ಸೈಕಲ್ಲು!”

ತಾತ ಹತ್ತಲಿಲ್ಲ. ಸೈಕಲ್ಲನ್ನು ತೆಂಗಿನ ಮರಕ್ಕೆ ಒರಗಿಸಿ, ಹಳದಿ ಟೋಪಿ ತೆಗೆದು ಗಾಳಿ ಹಾಕಿಕೊಂಡರು. ಬಿಸಿಲಿಗೆ ಅದರ ಬಣ್ಣ ಅರ್ಧ ಹಾರಿಹೋಗಿತ್ತು.

“ಅವಸರ ಯಾಕಪ್ಪ? ರಸ್ತೆ ಎಲ್ಲಾದ್ರೂ ಓಡಿಹೋಗುತ್ತಾ?”

ಮುಂದೆ ಹೋದ ಗುಂಪಿನ ಹಳದಿ ಟೋಪಿಗಳೆಲ್ಲ ಯಾವಾಗಲೋ ಮರೆಯಾಗಿದ್ದವು. ಸೈಕಲ್ ಪ್ರವಾಸದಲ್ಲಿ ಎಲ್ಲರಿಗಿಂತ ಹಿಂದೆ ಬರುವುದೇ ತಾತನ ಹಿಂದಿದ್ದ ಹುಡುಗನ ಕೆಲಸ. ಅದಕ್ಕೇ ಅವನನ್ನು ಎಲ್ಲರೂ ಬಾಲದಣ್ಣ ಅನ್ನುತ್ತಿದ್ದರು. ಕೆಲಸಕ್ಕೆ ಹೊಸಬ. ಗುಂಪಿನ ಮುಂದಾಳು ಹೇಳಿಕೊಟ್ಟಿದ್ದು ಒಂದೇ ಪಾಠ: “ರಸ್ತೆ ನೋಡ್ಬೇಡ, ಕೊನೆಯವನನ್ನ ನೋಡು. ಅವನೆಲ್ಲೋ ಅಲ್ಲೇ ನೀನು. ಒಬ್ಬ ಕಳೆದುಹೋದ್ರೂ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೊ.”

ಹಿಂದಿನ ಪ್ರವಾಸಗಳಲ್ಲೂ ಮುಂದಿನವರು ಜೋಡಿ ಜೋಡಿಯಾಗಿ ಹರಟುತ್ತ ತುಳಿಯುತ್ತಿದ್ದರು. ಇವನಿಗೆ ಕಾಣುತ್ತಿದ್ದದ್ದು ಬರೀ ಬೆನ್ನು. ಇವನು ಡೇರೆ ಮುಟ್ಟುವಷ್ಟರಲ್ಲಿ ನಗು ಮುಗಿದಿರುತ್ತಿತ್ತು, ಗುಂಪಿನ ಫೋಟೋ ತೆಗೆದಾಗಿರುತ್ತಿತ್ತು. ಈ ಗುಂಪು ಹೊರಟಿದ್ದು ಇವತ್ತು ಬೆಳಿಗ್ಗೆ. ಯಾರ ಮುಖವೂ ಗೊತ್ತಿಲ್ಲ. ಮಧ್ಯಾಹ್ನ ತನ್ನ ಪಂಕ್ಚರ್ ಹಾಕಿಕೊಂಡು ತಲೆಯೆತ್ತಿದಾಗ ರಸ್ತೆಯಲ್ಲಿ ಉಳಿದಿದ್ದ ಹಳದಿ ಟೋಪಿ ಈ ತಾತನದೊಂದೇ.

ಅಲ್ಲಿಂದ ತಾತ ಬಾಯಿ ಮುಚ್ಚಿದ್ದೇ ಇಲ್ಲ.

“ಒಂದ್ಸಲ ಈ ಇಳಿಜಾರಲ್ಲಿ ಎಷ್ಟು ಜೋರಾಗಿ ಇಳಿದೆ ಅಂದ್ರೆ, ನನ್ನ ನೆರಳು ಕೆಳಗೆ ಬರೋಷ್ಟರಲ್ಲಿ ನಾನು ಊಟ ಮುಗಿಸಿ ಕೈ ತೊಳೀತಿದ್ದೆ!”

“ನೆರಳಿಗೆ ಊಟ ಉಳಿಸಿದ್ರಾ?”

“ಅದು ಮುನಿಸ್ಕೊಂಡು ಮೂರು ದಿನ ಹಿಂದೆ ಬರ್ಲಿಲ್ಲ ಕಣೋ!”

ಬಾಲದಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಕೆಲಸಕ್ಕೆ ಸೇರಿದ ಮೇಲೆ ಅವನು ನಕ್ಕಿದ್ದು ಅದೇ ಮೊದಲು.

ಸೇತುವೆ ಬಂದಾಗ ಮಾತ್ರ ತಾತನ ಮಾತು ನಿಂತಿತು. ಅದರಾಚೆ ದಾರಿ ಕವಲೊಡೆದಿತ್ತು. ಮುಂದಾಳು ಸುಣ್ಣದಲ್ಲಿ ಬರೆದ ಬಾಣ ನೇರಕ್ಕೆ ತೋರಿಸುತ್ತಿತ್ತು. ತಾತ ಎಡಕ್ಕೆ, ಮಣ್ಣಿನ ದಾರಿಗೆ ಹ್ಯಾಂಡಲ್ ತಿರುಗಿಸಿ ಹಿಂದಕ್ಕೆ ಓರೆಗಣ್ಣು ಹಾಯಿಸಿದರು.

“ತಾತಾ, ಬಾಣ ಆ ಕಡೆ ಇದೆಯಲ್ಲಾ?”

“ನಾನು ಹೋಗೋದು ಹೀಗೇ ಕಣಪ್ಪ. ಬರ್ತೀಯೋ, ಬಿಡ್ತೀಯೋ?”

ಬಿಡುವುದು ಹೇಗೆ? ಬಾಣ ಕಳೆದುಹೋದರೆ ಯಾರೂ ಕೇಳರು, ತಾತ ಕಳೆದುಹೋದರೆ? ಬಾಲದಣ್ಣ ಎಡಕ್ಕೆ ತಿರುಗಿದ. ತಾತನ ತುಳಿತಕ್ಕೆ ಒಮ್ಮೆಲೇ ಹುರುಪು ಬಂತು. ಗುಂಡಿಗಳನ್ನು ನೋಡದೆಯೇ ತಪ್ಪಿಸಿದರು. ಬೇಲಿಯಿಂದ ನಾಯಿಯೊಂದು ನುಗ್ಗಿ ಬಾಲದಣ್ಣನ ಮೇಲೆ ಬೊಗಳಿತು. ತಾತನಿಗೆ ಬಾಲ ಅಲ್ಲಾಡಿಸಿತು.

“ನಾಯಿಗೂ ಹಿರಿಯರು ಅಂದ್ರೆ ಮರ್ಯಾದೆ,” ಅಂದರು ತಾತ.

ಬಾಳೆಯ ಸಾಲು ಮುಗಿಯುವಲ್ಲಿ ಒಂಟಿ ಮನೆ. ತಾತ ಬ್ರೇಕ್ ಹಾಕಿ ಇಳಿದರು. ಅದೇ ಹೊತ್ತಿಗೆ ಬಾಲದಣ್ಣನ ಫೋನು ಹೊಡೆದುಕೊಂಡಿತು.

“ಎಲ್ಲಿ ಸತ್ತೆಯೋ ಬಾಲದಣ್ಣ?” ಮುಂದಾಳಿನ ದನಿ. ಹಿಂದೆ ಗುಂಪಿನ ನಗು. “ಎಲ್ಲರೂ ಬಂದು ಎಷ್ಟೋ ಹೊತ್ತಾಯ್ತು. ಒಬ್ಬರೂ ಕಮ್ಮಿ ಇಲ್ಲ, ನಿನ್ನೊಬ್ಬನ ಬಿಟ್ಟು. ಫೋಟೋಗೆ ನಿನಗೇ ಕಾಯ್ತಿದೀವಿ!”

ಬಾಲದಣ್ಣ ಫೋನು ಕೆಳಗಿಳಿಸಿದ. ಜಗಲಿಯ ಮೇಲೆ ಎರಡು ಕುರ್ಚಿ ಎದುರುಬದುರಾಗಿ ಇದ್ದವು. ನಡುವೆ ತೊಳೆದು ಬೋರಲು ಹಾಕಿದ ಎರಡು ಲೋಟ. ತಾತ ಟೋಪಿ ತೆಗೆದು ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿದರು.

“ನಾನು ಗುಂಪಿನವನಲ್ಲ ಅಂತ ಹೋದ ವರ್ಷದ ಬಾಲದವನು ಸೇತುವೆ ಹತ್ರಾನೇ ಕಂಡುಹಿಡಿದುಬಿಟ್ಟ ಕಣಪ್ಪ. ಮನೆವರೆಗೂ ಬಂದವನು ನೀನೇ ಮೊದಲು.”