ಪಟಾಲಮ್ಮನ ಮುದುಕ

"ನನ್ ಮುದುಕನ್ನ ಏನ್ ಮಾಡ್ದೆ?" ಎಂದು ಕೇಳುತ್ತ ಪಟಾಲಮ್ಮ ಕ್ಯಾಸೆಟ್ ಪ್ಲೇಯರನ್ನು ಖಾದರ್ ಬಾಷಾನ ಮೇಜಿನ ಮೇಲೆ ಇಟ್ಟಳು.

ಆರ್.ಟಿ. ನಗರದ ಆ ಪುಟ್ಟ ಅಂಗಡಿಯಲ್ಲಿ ಖಾದರ್ ಬಾಷಾ ಜೇಬಿನಲ್ಲಿಟ್ಟು ಕೇಳುವ ಹಳೆಯ ಪ್ಲೇಯರುಗಳನ್ನಷ್ಟೇ ರಿಪೇರಿ ಮಾಡುತ್ತಿದ್ದ. ಮುಚ್ಚಳ ಕೂರುತ್ತಿಲ್ಲ ಎಂದಷ್ಟೇ ಅವಳು ಹಿಂದಿನ ದಿನ ಇದನ್ನು ತಂದಿದ್ದಳು. ಒಳಗೆ ಜಾಜ್ ಆಲ್ಬಮ್ ಕಂಡದ್ದೇ ಅವನಿಗೆ ಎಲ್ಲಿಲ್ಲದ ಅಕ್ಕರೆ ಬಂದು, ಟೇಪು ತಿರುಗಿಸುವ, ಹಳತಾಗಿ ಜೋತುಬಿದ್ದಿದ್ದ ರಬ್ಬರ್ ಬೆಲ್ಟನ್ನೂ ಕಿತ್ತೆಸೆದು, ಹೊಸದು ಹಾಕಿ, ವೇಗ ಕೂದಲೆಳೆಯಷ್ಟೂ ತಪ್ಪದಂತೆ ಹೊಂದಿಸಿ ಕೊಟ್ಟಿದ್ದ.

ಅಬ್ಬಿಗೆರೆಯ ಪಟಾಲಮ್ಮನಿಗೆ ಜಾಜ್ ಎಂಬ ಹೆಸರೇ ಗೊತ್ತಿರಲಿಲ್ಲ. ಇಪ್ಪತ್ತಾರು ವರ್ಷದ ಹಿಂದೆ ಮನೆ ಖಾಲಿ ಮಾಡಿದ ಬಾಡಿಗೆಯವನೊಬ್ಬ ಬಿಟ್ಟುಹೋದ ಪ್ಲೇಯರು, ಅದರೊಳಗಿದ್ದ ಒಂದೇ ಕ್ಯಾಸೆಟ್ಟು, ಇಷ್ಟೇ ಅವಳ ಸಂಗೀತ. ದಿನಾ ಮಧ್ಯಾಹ್ನ ಸೊಪ್ಪು ಬಿಡಿಸುತ್ತ ಕೇಳುತ್ತಿದ್ದಳು. ಅವಳ ಮುದುಕನೆಂದರೆ ಅದರಲ್ಲಿ ಸ್ಯಾಕ್ಸೋಫೋನ್ ಊದುವವನು, ವಯಸ್ಸಾದವನು, ಅವಸರವಿಲ್ಲದವನು, ನಡುನಡುವೆ ತುಸು ತಡವರಿಸುವವನು. ಈಗ ನೋಡಿದರೆ ಯಾವನೋ ಹುಡುಗ ಬಸ್ಸು ಹಿಡಿಯುವವನ ಹಾಗೆ ಊದುತ್ತಿದ್ದಾನೆ ಎಂಬುದು ಅವಳ ದೂರು.

ಇದೇ ಸರಿಯಾದ ವೇಗ ಎಂದ ಖಾದರ್ ಬಾಷಾ. ಅದೇ ಆಲ್ಬಮ್ ತನ್ನ ಮನೆಯಲ್ಲೂ ಇದೆ, ಮುನ್ನೂರು ಸಲವಾದರೂ ಕೇಳಿದ್ದೇನೆ, ಊದಿದಾಗ ಆತನಿಗೆ ಇಪ್ಪತ್ತೆಂಟು ವರ್ಷ ಎಂದು ತಿಳಿಸಿ ಹೇಳಿದ.

"ಇಪ್ಪತ್ತಾರ್ ವರ್ಸ ಜೊತೇಲ್ ಕೂತಿರೋಳು ನಾನು. ಅವನ್ ವಯಸ್ಸು ನಂಗ್ ಗೊತ್ತಿಲ್ವಾ?"

ಖಾದರ್ ಬಾಷಾ ಮೋಟಾರಿನ ಸ್ಕ್ರೂ ತಿರುಗಿಸಿ ವೇಗ ತಗ್ಗಿಸಿದ. ಅವಳು ಕೇಳಿ ಅಲ್ಲವೆಂದು ತಲೆಯಾಡಿಸಿದಳು. "ಇವ್ನು ನಾಟಕ್ದಲ್ಲಿ ಮುದುಕನ್ ಪಾರ್ಟು ಆಕಿರೋ ಉಡುಗ ಕಣಪ್ಪ."

ತಾನೂ ಹೆಡ್‌ಫೋನ್ ಏರಿಸಿ ನೋಡಿದ. ನಿಜ. ನಿಧಾನವೇನೋ ಇತ್ತು, ತಡವರಿಕೆ ಇರಲಿಲ್ಲ. ಅದು ಇದ್ದದ್ದು ಹಳೆಯ ಬೆಲ್ಟಿನ ಸಡಿಲಿನಲ್ಲಿ. ಬೆಲ್ಟು ಬೆಳಗ್ಗೆಯೇ ಕಸದ ಆಟೋ ಹತ್ತಿ ಹೋಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಸಾಗಹಾಕುತ್ತಿದ್ದ. ಆದರೆ ಅವನು ಮನೆಯಲ್ಲಿ ಜಾಜ್ ಹಾಕಿದರೆ ಸಾಕು, ಎಲ್ಲರಿಗೂ ಹೊರಗೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಒಂದು ಆಲ್ಬಮ್ಮಿನ ಬಗ್ಗೆ ಇಷ್ಟು ಹೊತ್ತು ಅವನೊಂದಿಗೆ ಜಗಳವಾಡಿದವರಲ್ಲಿ ಪಟಾಲಮ್ಮನೇ ಮೊದಲು.

ಹಳೆಯದರ ಹಾಗೇ ಜೋತುಬೀಳಲೆಂದು ಹೊಸ ಬೆಲ್ಟನ್ನು ತಾರಸಿಯ ಮೇಲೆ ಎರಡು ಮೊಳೆಗಳ ನಡುವೆ ಎಳೆದು ಕಟ್ಟಿ ಬಿಸಿಲಿಗೆ ಬಿಟ್ಟ. ಪಕ್ಕದ ಟೀ ಅಂಗಡಿಯ ಯಶವಂತ್, ಚೆನ್ನಾಗಿರೋದನ್ನ ಯಾಕೆ ಹಾಳು ಮಾಡ್ತಿದ್ದೀಯ ಎಂದು ಕೇಳಿದ್ದಕ್ಕೆ, ಹದಕ್ಕೆ ಬರಲಿ ಅಂತ ಎಂದ.

ಪಟಾಲಮ್ಮ ಮೂರು ದಿನಕ್ಕೊಮ್ಮೆ ಎರಡು ಬಸ್ಸು ಬದಲಾಯಿಸಿಕೊಂಡು ಬಂದು ಕೇಳಿ ಹೋಗುತ್ತಿದ್ದಳು. ಮೊದಲ ಸಲ, ಊದುವವನಿಗೆ ನಲವತ್ತು ಎಂದಳು. ಆಮೇಲೆ ಐವತ್ತೈದು. ಇನ್ನೊಂದು ಸಲ, ಅರವತ್ತು ದಾಟಿದ್ದಾನೆ, ಮಂಡಿ ನೋವು ಮಾತ್ರ ಶುರುವಾಗಿಲ್ಲ ಎಂದು ಎದ್ದು ಹೋದಳು. ಖಾದರ್ ಬಾಷಾ ಬೆಲ್ಟಿಗೆ ಒಂದು ಕಲ್ಲು ತೂಗುಹಾಕಿದ.

ಐದನೆಯ ಸಲ ಕಣ್ಣು ಮುಚ್ಚಿ ಕೂತವಳು ಬಹಳ ಹೊತ್ತು ತೆರೆಯಲೇ ಇಲ್ಲ. "ಬಂದ," ಎಂದಳು. ಹೆಡ್‌ಫೋನಿನ ಒಂದು ಕಿವಿಯನ್ನು ಅವನ ಕಡೆಗೆ ಹಿಡಿದಳು. ಮುನ್ನೂರು ಸಲ ಕೇಳಿದ್ದ ಆ ಆಲ್ಬಮ್ಮಿನಲ್ಲಿ ಒಂದು ಸ್ವರ ಮುಗಿದು ಇನ್ನೊಂದು ಶುರುವಾಗುವ ಮುಂಚೆ ಆತ ಉಸಿರೆಳೆದುಕೊಳ್ಳುವುದು ಖಾದರ್ ಬಾಷಾನಿಗೆ ಅಂದೇ ಮೊದಲು ಕೇಳಿಸಿತು. ಇಬ್ಬರೂ ತಲೆ ತಾಗಿಸಿಕೊಂಡು ಕ್ಯಾಸೆಟ್ಟಿನ ಆ ಬದಿ ಮುಗಿಯುವವರೆಗೂ ಕೂತರು.

ಪಟಾಲಮ್ಮ ಪ್ಲೇಯರನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲು ಇಳಿದವಳು, ನಿಂತು ತಿರುಗಿದಳು.

"ಬರೋ ವರ್ಸ ತತ್ತೀನಿ, ಇವ್ನಿಗೆ ಇನ್ನೊಂದ್ ವರ್ಸ ಸೇರ್ಸ್‌ಕೊಡು. ನಂಗೊಬ್ಳಿಗೇ ವಯಸ್ಸಾಗ್ತಾ ಓದ್ರೆ ಚೆನ್ನಾಗಿರಲ್ಲ."