ಎರಡು ದೇಶದ ಎಣ್ಣೆಬಾವಿ

ಮೊಬೈಲಿನಲ್ಲಿ ಷೇರು ಮಾರುವ ಕೆಂಪು ಗುಂಡಿಯತ್ತ ಶಾರದವ್ವ ಹೆಬ್ಬೆರಳು ಒಯ್ದಾಗ ಮೈದುನ ಶಂಭುಲಿಂಗ ಅವಳ ಮುಂಗೈ ಹಿಡಿದ. ಎಮ್ಮೆ ಮಾರಿದ ದುಡ್ಡನ್ನೆಲ್ಲ ಅವಳು ಅವನ ಮಾತು ಕೇಳಿ ಒಂದು ಎಣ್ಣೆ ಕಂಪನಿಗೆ ಹಾಕಿದ್ದಳು. ಈಗ ಆ ಕಂಪನಿಯ ಎಣ್ಣೆಬಾವಿಗಳಿರುವ ನೆಲ ತಮ್ಮದೆಂದು ಎರಡು ದೇಶಗಳು ಜಗಳಕ್ಕೆ ನಿಂತಿದ್ದವು.

“ನೆಲದಾಗಿನ ಎಣ್ಣಿ ಎಲ್ಲಿ ಓಡಿ ಹೋಗತೈತಿ ಅತ್ತಿಗಿ? ಯಾರು ಗೆದ್ದರೂ ತೆಗೀಲೇಬೇಕು.”

“ನಮ್ಮ ಕೆರಿಗೆ ಎರಡು ಊರು ಬಡಿದಾಡಿದ್ದು ಮರತ್ಯೇನು? ಆರು ವರ್ಷ ತೂಬಿಗೆ ಬೀಗ ಬಿತ್ತು. ಕೆರಿ ತುಂಬಿತ್ತು, ಗದ್ದಿ ಒಣಗಿತ್ತು.”

ಶಂಭುಲಿಂಗನ ಹಿಡಿತ ಸಡಿಲಾಯಿತು. ಅಷ್ಟರಲ್ಲಿ ಪರದೆಯ ಮೇಲೆ ಬೆಲೆ ನಾಲ್ಕು ರೂಪಾಯಿ ಜಿಗಿಯಿತು.

“ನೋಡು, ಏರಾಕತ್ತೈತಿ! ತಡಿ, ತಡಿ!”

“ಹಂಗಾದ್ರ ನಿನ್ನಂಥಾವ ಯಾವನೋ ಕೊಳ್ಳಾಕ ಬಂದಾನ,” ಎನ್ನುತ್ತ ಶಾರದವ್ವ ಗುಂಡಿ ಒತ್ತಿದಳು.